ಸಲ್ಕಿನ್ ಎದ್ದು ಬಂದಳು

ಕೆಮ್ಮು — ಬಾಗಿಲ ಹತ್ತಿರದ ಬೆಂಚಿನಿಂದ, ಒಣ ಕೆಮ್ಮು, ಕಫವಿಲ್ಲ, ಹೊಗೆಯದೇ ಇರಬೇಕು, ಬೆರಣಿ ಉರಿಸುವವರ ಎದೆಯೆಲ್ಲ ಚಳಿಗಾಲ ಮುಗಿಯುವ ಹೊತ್ತಿಗೆ ಹೀಗೇ ಕೆರೆಯುತ್ತದೆ, ಹೋಗಿ ಬೆನ್ನಿಗೆ ಕಿವಿಗೊಟ್ಟು ಕೇಳಬೇಕು, ಈಗ ಏಳುವಂತಿಲ್ಲ, ನನ್ನನ್ನು ವೇದಿಕೆಯ ಮೇಲೆ ಕೂರಿಸಿದ್ದಾರೆ, ಇಸ್ತ್ರಿ ಮಾಡಿದ ಬಿಳಿ ಕೋಟು ಹಾಕಿಸಿ, ಮುಂದೆ ಮೇಜು, ಮೇಜಿನ ತುಂಬ ಎಣ್ಣೆಯಲ್ಲಿ ಕರಿದ ಹಿಟ್ಟಿನ ತುಂಡು, ಬೋರ್ಸೋಕ್, ಯಾರೂ ಮುಟ್ಟುತ್ತಿಲ್ಲ, ಮೈಕಿನಲ್ಲಿ ಜಿಲ್ಲಾ ಕೇಂದ್ರದಿಂದ ಬಂದ ಹೆಂಗಸು ಮಾತಾಡುತ್ತಿದ್ದಾಳೆ, ನಿಮ್ಮೂರಿನ ನರ್ಸ್ ಉಲ್ಕನ್ ಎಜೆ ಹಿಮ ಅನ್ನಲಿಲ್ಲ, ಹೊಳೆ ಅನ್ನಲಿಲ್ಲ, ಮನೆಮನೆ ತಿರುಗಿ ಮಕ್ಕಳನ್ನ ಕಾಪಾಡಿದ್ರು — ಎಲ್ಲ ಮಕ್ಕಳನ್ನ ಎಂದುಬಿಡುತ್ತಾಳೋ ಏನೋ, ಎನ್ನದಿರಲಿ — ಎಂದಳು, ಒಂದು ಮಗುವನ್ನೂ ಕೈಬಿಡಲಿಲ್ಲ ಎಂದೇಬಿಟ್ಟಳು, ಪಾಪ ಅವಳಿಗೇನು ಗೊತ್ತು, ಸಭೆ ಚಪ್ಪಾಳೆ ತಟ್ಟುತ್ತಿದೆ, ಕಿಟಕಿ ಬದಿಯಲ್ಲಿ ಸಲ್ಕಿನ್, ತೊಡೆಯ ಮೇಲೆ ಹೆಣ್ಣುಮಗು, ಅವಳ ಕೈ ಮಾತ್ರ ಮಗುವಿನ ಬೆನ್ನಿನಿಂದ ಏಳಲಿಲ್ಲ, ಅವಳು ನನ್ನನ್ನು ನೋಡುತ್ತಿಲ್ಲ, ನಾನೂ ನೋಡಬಾರದು, ಆದರೂ ಮಗುವಿನ ಕೆನ್ನೆಯ ಬಣ್ಣ ಚೆನ್ನಾಗಿದೆ, ಬೆನ್ನು ನೇರ ಕೂತಿದೆ, ವರ್ಷ ದಾಟಿದೆ, ಇಷ್ಟು ಹೊತ್ತಿಗೆ ದಡಾರದ ಲಸಿಕೆ ಬೀಳಬೇಕಿತ್ತು, ಬಿದ್ದಿಲ್ಲ, ಹಾಕುವವಳು ನಾನು, ನನಗೆ ಆ ಮನೆಯ ಗೇಟು ತೆರೆಯುವುದಿಲ್ಲ.

ಆ ಮಗುವಿನ ಅಣ್ಣನಿಗೂ ಹಾಗೇ, ಬೆಕ್ತುರ್‌ಗೂ, ಲಸಿಕೆಯ ತಣ್ಣನೆ ಡಬ್ಬಿಯನ್ನು ಹೆಗಲಿಗೆ ಹಾಕಿಕೊಂಡು ಹೋಗಿ ಆ ನೀಲಿ ಗೇಟಿನ ಮುಂದೆ ಎಷ್ಟು ಸಲ ನಿಂತಿದ್ದೇನೆ, ಸಲ್ಕಿನ್‌ಳ ಅತ್ತೆ ಕಲ್ಬುಬು ಸಂದಿಯಿಂದ ಮೂಗು ತೋರಿಸುತ್ತಾಳೆ, ಮತ್ತೆ ಬಂದ್ಯೇನೇ, ನಿನ್ನ ಸೂಜಿಗೂ ನಮ್ಮನೆ ನಾಯಿಗೂ ಏನ್ ವ್ಯತ್ಯಾಸ, ಎರಡೂ ಸುಮ್‌ಸುಮ್ನೆ ಕಚ್ತವೆ — ಅಪಾ, ಅಮ್ಮಾ, ನಾಯೀನ ಕಟ್ಟಿ, ನನ್ನ ಸೂಜೀನ ಡಬ್ಬೀಲಿ ಕಟ್ಕೊಂಡೇ ಬಂದಿದೀನಿ — ನಕ್ಕಳು, ಚಹಾ ಕುಡಿ ಬಾ ಎಂದಳು, ಆದರೆ ಸೂಜಿ ಬೇಡ, ಮಗ ಬೇಡ ಅಂದಿದಾನೆ, ಫೋನಲ್ಲಿ ಏನೋ ನೋಡಿದಾನಂತೆ, ನಾನು ಏಳು ಹೆತ್ತೆ, ಯಾವ ಸೂಜಿ ಇತ್ತು ಆಗ? ಏಳರಲ್ಲಿ ಉಳಿದದ್ದು ಮೂರು, ಊರಿಗೆಲ್ಲ ಗೊತ್ತು, ಬೆಟ್ಟದ ಬುಡದಲ್ಲಿ ಆ ನಾಲ್ಕು ಸಣ್ಣ ದಿಬ್ಬಗಳಿವೆ, ತಾಯಿಯ ಮುಂದೆ ಅದನ್ನು ಆಡುವುದುಂಟೇ, ಅವಳ ಬೆನ್ನ ಹಿಂದೆ ಸಲ್ಕಿನ್ ಕೆಟಲ್ ಹಿಡಿದು ನಿಂತಿದ್ದಳು, ಆ ಮನೆಯ ಸೊಸೆ, ಮಾತಾಡುವ ಸರದಿ ಅವಳದಲ್ಲ, ಕಣ್ಣಲ್ಲೇ ಎಜೆ, ಅಕ್ಕಾ, ಮತ್ತೆ ಬನ್ನಿ ಎನ್ನುತ್ತಿದ್ದಳು, ಮತ್ತೆ ಹೋದೆ, ಮತ್ತೆ ಹೋದೆ, ಬೇಸಿಗೆ ಬಂತು, ಅವರು ಕುರಿ ಹೊಡೆದುಕೊಂಡು ಮೇಲಿನ ಹುಲ್ಲುಗಾವಲಿಗೆ ಹೊರಟುಹೋದರು.

ಅಲ್ಲಿ ದಡಾರ ಬಂತು, ಗುಡಾರದಿಂದ ಗುಡಾರಕ್ಕೆ ಹರಡಿತು, ಗುಡ್ಡದ ತುದಿಗೆ ಹತ್ತಿದರೆ ಮಾತ್ರ ಫೋನು ಸಿಗುತ್ತದೆ, ಸಲ್ಕಿನ್ ಬಸುರಿ, ಹತ್ತಿದ್ದಾಳೆ, ಎಜೆ, ದದ್ದು ಆರಿದ್ವು, ಈಗ ಉಸಿರು ಎಳೀತಿದಾನೆ, ಇವನಪ್ಪ ತಪ್ಪಿಹೋದ ಕುದುರೆ ಹುಡುಕ್ಕೊಂಡು ಆಚೆ ಕಣಿವೆಗೆ ಹೋಗಿದಾನೆ, ಬನ್ನಿ ಎಜೆ — ನನ್ನ ಗಂಡನ ಹತ್ತಿ ತುಂಬಿದ ದಪ್ಪ ಅಂಗಿ ಏರಿಸಿಕೊಂಡು ಕುದುರೆ ಹತ್ತಿದೆ, ಬಿಳಿ ಕೋಟು ಎಲ್ಲಿ ಬಂತು ಅಲ್ಲಿ, ಹೋಗಿ ಹುಡುಗನ ಅಂಗಿ ಎತ್ತಿ ನೋಡಿದರೆ ಉಸಿರೆಳೆದಾಗಲೆಲ್ಲ ಪಕ್ಕೆ ಒಳಗೆ ಬೀಳುತ್ತಿದೆ, ತುಟಿ ನೀಲಿ, ನನ್ನಲ್ಲಿದ್ದ ಇಂಜೆಕ್ಷನ್ ಕೊಟ್ಟೆ, ಆಂಬುಲೆನ್ಸ್ ಸೇತುವೆಯವರೆಗೆ ಮಾತ್ರ ಬರುತ್ತದೆ, ನಡುವೆ ಘಾಟಿ, ಇಲ್ಲೇ ಇರಿಸಿಕೊಂಡರೆ ಹೋಗಿಬಿಡುತ್ತಾನೆ, ಒಯ್ದರೆ ಉಳಿಯಬಹುದು, ಒಯ್ಯೋಣ ಎಂದೆ, ಕಂಬಳಿಯಲ್ಲಿ ಸುತ್ತಿ ನನ್ನ ಜೀನಿನ ಮುಂದೆ ಎದೆಗೊರಗಿಸಿಕೊಂಡೆ, ಸಲ್ಕಿನ್ ಹಿಂದಿನ ಕುದುರೆಯ ಮೇಲೆ, ಜೋಗುಳ ಗುನುಗುತ್ತಾ ಹೋದೆ, ಅವನಿಗೋ ನನಗೋ, ಅವನ ಉಸಿರು ನನ್ನ ಕತ್ತಿಗೆ ತಾಗುತ್ತಿತ್ತು, ತಾಗುತ್ತಿತ್ತು, ಘಾಟಿಯ ನೆತ್ತಿಯಲ್ಲಿ ಗಾಳಿ ಎದುರಾಯಿತು, ಗಾಳಿ ನಿಂತ ಮೇಲೆ ಕತ್ತಿಗೆ ಏನೂ ತಾಗಲಿಲ್ಲ. ನಾಡಿ ಹುಡುಕಿ ಬೆರಳು ಅವನ ಕೊರಳಿಗೆ ಹೋಯಿತು, ಅಲ್ಲೇ ಇಟ್ಟುಕೊಂಡೆ, ಇಟ್ಟುಕೊಂಡೇ ಇದ್ದೆ. ಮುಂದೆ ಇಳಿಜಾರು, ಒಂದು ಕುದುರೆಯ ಅಗಲದ ದಾರಿ, ಎಡಕ್ಕೆ ಪಾತಾಳ, ಹಿಂದೆ ಹೊಟ್ಟೆ ಹೊತ್ತ ತಾಯಿ, ಈಗ ತಿರುಗಿ ಹೇಳಿದರೆ ಅವಳು ಲಗಾಮು ಬಿಡುತ್ತಾಳೆ, ಜೀನಿನಿಂದ ಜಾರುತ್ತಾಳೆ, ಎರಡು ಜೀವ — ತಿರುಗಲಿಲ್ಲ, ಮತ್ತೆ ಗುನುಗಿದೆ, ಇಳಿಯುವಷ್ಟು ದಾರಿಯೂ ಗುನುಗಿದೆ, ಇನ್ನೇನು ಬಂತು ಬೆಕ್ತುರ್, ಹೊಳೆ ಕಾಣ್ತಾ ಇದೆ ನೋಡು ಮರಿ, ಎಂದೆ, ಅವಳಿಗೆ ಕೇಳುವ ಹಾಗೆ ಎಂದೆ. ಸೇತುವೆಯ ಹತ್ತಿರ ಡಾಕ್ಟರು ಕಂಬಳಿ ಸರಿಸಿ ನನ್ನ ಮುಖ ನೋಡಿದ, ಯಾವಾಗ, ಎಂದ, ಈಗ ತಾನೆ, ಎಂದೆ, ಸಲ್ಕಿನ್ ಅಲ್ಲೇ ನಿಂತಿದ್ದಳು, ಅಳಲಿಲ್ಲ, ನನ್ನನ್ನೇ ದಿಟ್ಟಿಸಿದಳು.

ಆಮೇಲೆ ನಮ್ಮಿಬ್ಬರಲ್ಲಿ ಮಾತಿಲ್ಲ. ಸಾವಿನ ಮನೆಯಲ್ಲಿ ಹೆಂಗಸರು ಗೋಡೆಗೆ ಮುಖ ಮಾಡಿ ಹಾಡಿ ಅಳುತ್ತಿದ್ದಾಗ ನಾನೂ ಹೋಗಿ ಅಂಚಿನಲ್ಲಿ ಕೂತೆ, ಅವಳು ತಿರುಗಲಿಲ್ಲ, ಹೆಣ್ಣು ಹುಟ್ಟಿತೆಂದು ಕೇಳಿ ಬಾಣಂತಿಯನ್ನು ನೋಡಲು ಹೋದೆ, ಕಲ್ಬುಬು ನಗೆಚಾಟಿಕೆ ಮಾಡಲಿಲ್ಲ, ಸೊಸೆ ಮಲಗಿದಾಳೆ, ಮಗು ಚೆನ್ನಾಗಿದೆ, ಹೋಗವ್ವ, ಎಂದು ಗೇಟು ಹಾಕಿದಳು, ನಾನು ಮೋಸ ಮಾಡಿದೆನೆಂದೇ ಸಲ್ಕಿನ್ ತಿಳಿದಿರಬೇಕು, ಅಷ್ಟು ದಾರಿ ಸುಳ್ಳು ಆಸೆ ಇಟ್ಟು ಕರೆತಂದೆನೆಂದು, ಅಲ್ಲವೆನ್ನಲು ನನ್ನಲ್ಲಿ ಏನಿದೆ — ಈಗ ಚಪಾನ್ ಹೊದಿಸ್ತೀವಿ, ಎನ್ನುತ್ತಿದ್ದಾಳೆ ಮೈಕಿನವಳು, ಊರಿನ ಹೆಂಗಸರೇ ಕೂಡಿ ಕಸೂತಿ ಹಾಕಿದ ನಿಲುವಂಗಿ, ಹಿರಿಯರೊಬ್ರು ಬಂದು ಹೊದಿಸ್ಬೇಕು, ಮುದುಕಿಯರು ಒಬ್ಬರನ್ನೊಬ್ಬರು ತಿವಿಯುತ್ತಿದ್ದಾರೆ, ನೀ ಹೋಗೇ, ನನ್ ಮಂಡಿ ಮೆಟ್ಲು ಹತ್ತಲ್ಲ, ನಿಂದೇ ಹತ್ಲಿ — ಕಿಟಕಿಯ ಬದಿ ಬೆಂಚು ಕಿರುಗುಟ್ಟಿತು, ಸಲ್ಕಿನ್ ಎದ್ದಿದ್ದಾಳೆ, ಮಗುವನ್ನು ಅತ್ತೆಯ ತೊಡೆಗೆ ದಾಟಿಸುತ್ತಿದ್ದಾಳೆ, ಕಲ್ಬುಬು ಅವಳ ತೋಳು ಹಿಡಿದಳು, ಬಿಟ್ಟಳು, ಬಾಗಿಲ ಹತ್ತಿರದ ಕೆಮ್ಮೂ ನಿಂತಿದೆ, ಸಲ್ಕಿನ್ ನಡುದಾರಿಯಲ್ಲಿ ಬರುತ್ತಿದ್ದಾಳೆ, ಮೆಟ್ಟಿಲು, ಚಪಾನ್ ಎತ್ತಿಕೊಂಡಳು, ಏನಾದರೂ ಕೂಗಿಬಿಟ್ಟರೆ, ಎಲ್ಲರ ಮುಂದೆ ಹೇಳಿಬಿಟ್ಟರೆ, ಹೇಳಲಿ, ಹೇಳುವ ಹಕ್ಕಿದೆ — ಹೆಗಲ ಮೇಲೆ ಭಾರ ಬಿತ್ತು, ಅವಳ ಕೈ ನನ್ನ ಕೊರಳಪಟ್ಟಿ ಸರಿಮಾಡುತ್ತಿದೆ, ಬಾಯಿ ಕಿವಿಯ ಹತ್ತಿರ, ಎಜೆ, ನಂಗೆ ಮೇಲೇ ಗೊತ್ತಾಗಿತ್ತು, ನೀವು ಗುನುಗೋದು ನಿಲ್ಸಿ ಮತ್ತೆ ಶುರು ಮಾಡಿದ್ರಲ್ಲ, ಆಗ್ಲೇ, ಗೊತ್ತಾದ್ರೂ ಕೂಗ್ಲಿಲ್ಲ, ಹೊಟ್ಟೇಲಿ ಇವಳಿದ್ಲು, ನಿಮ್ ದನಿ ಹಿಡ್ಕೊಂಡೇ ಇಳಿದೆ — ಉಸಿರು ತೆಗೆದುಕೊಂಡಳು — ಅವನ ಕಾಲು ಕಂಬಳಿಯಿಂದ ಹೊರಗೆ ಬಂದಿತ್ತು, ಒಂದು ಕಾಲು, ಬರಿಗಾಲು, ನಾನು ಅದನ್ನೇ ನೋಡ್ತಾ ಬಂದೆ, ಹೊಳೆ ಹತ್ರ ನೀವು ಲಗಾಮು ಬಿಟ್ಟು ಅದನ್ನ ಕೈಯಲ್ಲಿ ಉಜ್ಜಿ ಒಳಗೆ ಸೇರ್ಸಿದ್ರಿ, ಚಳಿ ಆಗ್ಬಾರ್ದು ಅನ್ನೋ ಹಂಗೆ, ನಾಳೆ ಮನೆಗೆ ಬನ್ನಿ, ಸೂಜಿ ತಗೊಂಡು ಬನ್ನಿ. ಹೋದಳು, ಮೆಟ್ಟಿಲಿಳಿದು ಹೋದಳು, ಮೈಕನ್ನು ನನ್ನ ಮುಂದೆ ತಂದಿಟ್ಟಿದ್ದಾರೆ, ಎರಡು ಮಾತು ಹೇಳಿ ಎಜೆ, ಹೇಳಬೇಕು, ಅವನ ಕೊರಳ ಮೇಲಿಟ್ಟ ಬೆರಳು ನೆನಪಿದೆ, ಗಾಳಿ ನೆನಪಿದೆ, ಇದು ನೆನಪಿಲ್ಲ, ಇದನ್ನು ನಾನು ಮಾಡಿದೆನೆಂದು ನನಗೆ ಗೊತ್ತೇ ಇರಲಿಲ್ಲ, ಹೊಳೆ, ಬಿಟ್ಟ ಲಗಾಮು, ಎಲ್ಲರೂ ಕಾಯುತ್ತಿದ್ದಾರೆ, ಎರಡು ಮಾತು, ಆ ಕಾಲು, ಅಂಗೈಯಷ್ಟುದ್ದದ ಕಾಲು, ಹಿಮ್ಮಡಿಗೆ ಹುಲ್ಲು ಅಂಟಿದೆ, ನನ್ನ ಕೈ ಅದನ್ನು ಉಜ್ಜುತ್ತಿದೆ, ಕಂಬಳಿಯೊಳಗೆ ಸೇರಿಸುತ್ತಿದೆ, ಆ ಕಾಲು