ಕನ್ಯಾಕುಮಾರಿಯ ಆರು ದಿನ

ಹಯವದನ ಕನ್ಯಾಕುಮಾರಿಯನ್ನು ಕಂಡವನೇ ಅಲ್ಲ. ಆದರೆ 2002ರ ಜೂನ್‌ನಲ್ಲಿ ಹೆಂಡತಿಯ ಜೊತೆ ಅಲ್ಲಿ ಆರು ದಿನ ಇದ್ದೆನೆಂದು ಸಹಿ ಹಾಕಿದ್ದ. ಎರ್ನಾಕುಲಂನ ಅವನ ಸರಕಾರಿ ಆಫೀಸಿನಲ್ಲಿ ಪ್ರವಾಸ ಭತ್ಯೆಯನ್ನು ಹಾಗೆ ಪಡೆಯದ ಹರಿಶ್ಚಂದ್ರ ಯಾರಿದ್ದ? ಏಜೆಂಟನೊಬ್ಬ ಟಿಕೆಟ್ಟು, ಲಾಡ್ಜಿನ ರಸೀದಿ ಎಲ್ಲ ಹೊಂದಿಸಿಕೊಟ್ಟ. ಹಯವದನ ರಜೆ ಹಾಕಿ ಎರ್ನಾಕುಲಂನಲ್ಲೇ ಕಲೂರಿನ ಬಾಡಿಗೆ ಕೋಣೆಯಲ್ಲಿ ಹೊದ್ದು ಮಲಗಿದ. ಹೆಂಡತಿ ವಿನೋದಾ ತಿರುವನಂತಪುರದಲ್ಲಿ ಕೆಲಸದಲ್ಲಿದ್ದಳು. ಅವರಿಬ್ಬರೂ ಮುಖ ನೋಡದೆ ಆಗಲೇ ನಾಲ್ಕು ತಿಂಗಳಾಗಿತ್ತು.

ಮರುವರ್ಷ ಮಾರ್ಚಿನಲ್ಲಿ ಅನನ್ಯ ಹುಟ್ಟಿದಳು. ಮಾನಕ್ಕಂಜಿ ಅವನು ಬಾಯಿ ಮುಚ್ಚಿಕೊಂಡ. ವಿಚ್ಛೇದನವಾಗಿ, ಮಗುವಿನ ಜೀವನಾಂಶಕ್ಕೆ ವಿನೋದಾ ದಾವೆ ಹೂಡಿದಾಗ ಮಾತ್ರ, ಮಗು ನನ್ನದಲ್ಲ, ಪರೀಕ್ಷೆ ಮಾಡಿಸಿ ಎಂದ.

ಮದುವೆ ಇದ್ದಾಗ ಹುಟ್ಟಿದ ಮಗು ಗಂಡನದೇ ಎನ್ನುತ್ತದೆ ಕಾನೂನು. ಗರ್ಭ ನಿಂತ ದಿನಗಳಲ್ಲಿ ಇಬ್ಬರೂ ಸೇರುವ ಸಂದರ್ಭವೇ ಇರಲಿಲ್ಲವೆಂದು ಗಂಡ ತೋರಿಸಬೇಕು. ತೋರಿಸಿಯೇ ಸಿದ್ಧ ಎಂದು ಹಯವದನ ತಿರುವನಂತಪುರದ ರೈಲು ಹತ್ತಿದ. ಗಂಡನ ಆಫೀಸಿನ ಚಾಳಿ ವಿನೋದಾಳಿಗೆ ಗೊತ್ತಿತ್ತು. ಅವಳ ವಕೀಲೆ ಆ ಪ್ರವಾಸ ಭತ್ಯೆಯ ಕಡತವನ್ನು ಕೋರ್ಟಿಗೆ ತರಿಸಿದ್ದಳು. ಕನ್ಯಾಕುಮಾರಿ, ಆರು ದಿನ, ಪತ್ನಿಸಮೇತ. ಕೆಳಗೆ ಅವನದೇ ಸಹಿ, ಮುದ್ದಾಗಿ.

ಅವನ ವಕೀಲರು ಶಂಕರನಾರಾಯಣ, ಕಾಸರಗೋಡಿನವರು, ಅವನ ಊರಿನ ಕಡೆಯವರೇ. ಬಿಲ್ಲು ಸುಳ್ಳೆಂದು ಹೇಳಿಬಿಡುತ್ತೇನೆ ಎಂದು ಹಯವದನ ಕೋರ್ಟಿನ ವರಾಂಡದಲ್ಲಿ ಅವರ ಕೈ ಹಿಡಿದುಕೊಂಡ.

"ಹೇಳಿ ಮಾರಾಯ್ರೆ. ಕೆಲಸ ಹೋಗ್ತದೆ, ಮೇಲಿಂದ ಕೇಸೂ ಬೀಳ್ತದೆ. ಅಷ್ಟಾದ್ರೂ, ಅವತ್ತು ಸುಳ್ಳು ಬರೆದವ ಇವತ್ತು ನಿಜ ಹೇಳ್ತಾನೆ ಅಂತ ಜಡ್ಜ್ ನಂಬಬೇಕಲ್ಲ?"

ಹಯವದನ ಹೇಳಲಿಲ್ಲ. ಪರೀಕ್ಷೆಯ ಅರ್ಜಿ ವಜಾ ಆಯಿತು, ತಂದೆ ಅವನೇ ಎಂದು ಆದೇಶವಾಯಿತು. ತಿಂಗಳು ತಿಂಗಳು ಸಂಬಳ ಮುರಿಯುವುದಿರಲಿ, ತನ್ನ ನಿಜವನ್ನು ತಾನೇ ಹೂತುಹಾಕಿದೆನಲ್ಲ ಎಂದು ಅವನು ತನ್ನನ್ನೇ ಶಪಿಸಿಕೊಂಡ.

ಹೊರಗೆ ವಿನೋದಾಳ ಕೈ ಬಿಡಿಸಿಕೊಂಡು ಐದು ವರ್ಷದ ಅನನ್ಯ ಅವನೆದುರು ಬಂದು ನಿಂತಳು. ಅಷ್ಟು ಹೊತ್ತಿನ ವಾದದಲ್ಲಿ ಅವಳಿಗೆ ತಿಳಿದದ್ದು ಕನ್ಯಾಕುಮಾರಿ ಒಂದೇ. ಅಚ್ಛಾ ಎಂದು ಅಪ್ಪನನ್ನು ಕರೆದು, ಅಲ್ಲಿ ಸೂರ್ಯ ಸಮುದ್ರದಿಂದ ಮೇಲೆ ಬರುವುದನ್ನು ನೀನೂ ಅಮ್ಮನೂ ನೋಡಿದಿರಾ ಎಂದು ಮಲಯಾಳದಲ್ಲಿ ಕೇಳಿದಳು. ನನ್ನನ್ನು ಯಾಕೆ ಕರೆದುಕೊಂಡು ಹೋಗಲಿಲ್ಲ?

ಹಯವದನ ವಿನೋದಾಳತ್ತ ನೋಡಿದ. ಅವಳು ಕಣ್ಣು ತಪ್ಪಿಸಿದಳು. ಅಲ್ಲಿ ಆ ಆರು ದಿನ ತಾವು ಇರಲೇ ಇಲ್ಲವೆಂದು ಅವರಿಬ್ಬರಿಗೂ ಗೊತ್ತಿತ್ತು.

"ನೋಡಿದೆವು ಮಗಾ," ಎಂದ. "ಆಗ ನೀನಿನ್ನೂ ಹುಟ್ಟಿರಲಿಲ್ಲ."