ಮಡಚಿದ ತುದಿ

ಬುದ್ಧನ ಮೂಗಿನ ಮೇಲೆ ನೆರಳು ಬಿತ್ತು, ಎಲ್ಲಿಂದ ಬಂತು ಈ ಹಾಳು ಮೋಡ, ಇಡೀ ಶಹಾಪುರದ ಆಕಾಶ ಖಾಲಿ ಬಿದ್ದಿರುವಾಗ ಅದಕ್ಕೆ ಇಲ್ಲೇ ಬಂದು ನಿಲ್ಲಬೇಕಿತ್ತೇ — ಕಹಕಶಾ ಕ್ಯಾಮೆರಾದ ಕಿಂಡಿಯಿಂದ ಕಣ್ಣು ತೆಗೆದು ಬೈದಳು, ಮನಸ್ಸಿನಲ್ಲೇ, ಬಾಯಿಬಿಟ್ಟು ಬೈದರೂ ಕೇಳುವವರು ಯಾರಿದ್ದಾರೆ ಈ ಬೆಂಗಾಡಿನಲ್ಲಿ, ಕಾದ ಬಂಡೆ, ಬಂಡೆಯ ಮೇಲೆ ಬಂಡೆ, ಸಂದಿಯಲ್ಲಿ ಜಾಲಿ, ಹಾಸುಗಲ್ಲಿನ ಮೇಲೆ ಅವಳ ಪುಟ್ಟ ಡೇರೆ ಗಾಳಿಗೆ ಪಟಪಟ, ಎದುರಿಗೆ ನಾಲ್ಕು ಗುಡ್ಡ ಕೂಡಿ ಅಂಗಾತ ಮಲಗಿದ ಬುದ್ಧ, ಹಣೆ, ಮೂಗು, ಗದ್ದ, ಎದೆ, ಹುಟ್ಟಿದಾಗಿನಿಂದ ನೋಡಿದ ಗುಡ್ಡವೇ, ಆದರೂ ಇದರ ಸಂಜೆ ಬೆಳಕಿಗಾಗಿ ಸುರಪುರದ ಶಾಲೆಗೆ ರಜೆ ಹಾಕಿ ಬಂದಿದ್ದಾಳೆ, ನಲವತ್ತು ದಾಟಿದ ವಿಜ್ಞಾನದ ಟೀಚರು, ಒಬ್ಬಳೇ — ಬೆಳಿಗ್ಗೆ ಆಟೋದಿಂದ ಡೇರೆಯ ಗಂಟು ಇಳಿಸಿದ ಸರದಾರಸಾಬನ ಮಾತು ನಿಲ್ಲಲೇ ಇಲ್ಲ, ಒಬ್ರ ಇರ್ತೀರೇನ್ರಿ ಮೇಡಂ, ಹಾವು ಚೇಳು ಭಾಳ ಅದಾವ್ರಿ, ಕಲ್ಲಿನ ಫೋಟೋಕ್ಕ ಇಲ್ಲೇ ವಸ್ತಿ ಮಾಡಬೇಕೇನ್ರಿ, ಮೊಬೈಲ್‌ನ್ಯಾಗ ಹತ್ತು ಹೊಡೀರಿ, ನಾನ ಹೊಳ್ಳಿ ಮನಿಗಿ ಬಿಡ್ತೀನಿ — ಹತ್ತಲ್ಲ ಸರದಾರಭಾಯಿ, ಒಂದು, ಒಂದೇ ಒಂದು ಸರಿಯಾಗಿ ಬಂದರೆ ಸಾಕು, ಅಬ್ಬಾನ ಕ್ಯಾಮೆರಾದಲ್ಲಿ, ಅಬ್ಬಾನ ಡಬ್ಬಿಯಲ್ಲಿ ಉಳಿದಿದ್ದ ಕೊನೆಯ ಕಪ್ಪು-ಬಿಳುಪು ರೀಲಿನಲ್ಲಿ, ಒಂದು ಅಂದವಳು ಮಧ್ಯಾಹ್ನದಿಂದ ಕೈ ತಡೆಯದೆ ಅರ್ಧ ರೀಲು ಮುಗಿಸಿದ್ದಾಳೆ, ಜಾಲಿಯ ನೆರಳು, ಸೀಳಿದ ಬಂಡೆ, ಕೆರೆಯ ಅಂಚು, ಬಂದದ್ದು ಯಾವುದಕ್ಕೋ ಅದು ಮಾತ್ರ ಬಾಕಿ.

ಗುಡ್ಡ ಅಬ್ಬಾಗೆ ಇನ್ನೂ ನೆನಪಿದೆ, ಅದಕ್ಕೇ ಬಂದದ್ದು. ಉಸ್ಮಾನಸಾಬ ಅಂದರೆ ಸ್ಟುಡಿಯೋ, ಸ್ಟುಡಿಯೋ ಅಂದರೆ ಉಸ್ಮಾನಸಾಬ ಎಂದಿದ್ದ ಊರು ಇದು, ಈಗ ಅದೇ ಉಸ್ಮಾನಸಾಬ ಕಹಕಶಾಳ ತಂಗಿ ಗುಲ್ನಾಜ್‌ಳ ಪಡಸಾಲೆಯಲ್ಲಿ ಕೂತು ಮಗಳನ್ನೇ ನೀವ್ಯಾರ್ರಿ ಎಂದು ಬಹುವಚನದಲ್ಲಿ ಕೇಳುತ್ತಾರೆ, ಕ್ಯಾಲೆಂಡರಿನ ಗುಡ್ಡ ತೋರಿಸಿದರೆ ಮಾತ್ರ ಮುಖ ಅರಳುತ್ತದೆ, ಸಂಜೀ ಬೆಳಕಿಗಿ ತೆಗೀಬೇಕದು, ಸಂಜೀಗಿ, ಅನ್ನುತ್ತಾರೆ, ತರುತ್ತೇನೆ ಅಬ್ಬಾ, ದೊಡ್ಡದು ಮಾಡಿಸಿ ಗೋಡೆಗೆ ಹಾಕುತ್ತೇನೆ, ನಿಮಗೆ ಗುರುತು ಸಿಗುವಂಥದ್ದು ಒಂದಾದರೂ ಕಣ್ಣೆದುರಿಗಿರಲಿ, ಅಮ್ಮಿಯದಂತೂ ಇಲ್ಲ — ಊರಿಗೆಲ್ಲ ಫೋಟೋ ತೆಗೆದವರ ಮನೆಯಲ್ಲಿ ಹೆಂಡತಿಯದೇ ಒಂದಿಲ್ಲ, ಎಂಥ ಮನೆಯಪ್ಪ ಇದು, ಅಬ್ಬಾ ಕ್ಯಾಮೆರಾ ಎತ್ತಿದರೆ ಸಾಕು ನಕ್ಕೋ ಜಿ, ನಕ್ಕೋ, ಬೇಡ ಬೇಡ ಎಂದು ಸೆರಗು ಮುಖಕ್ಕೆ ಬರುತ್ತಿತ್ತು, ಆಧಾರ್ ಕಾರ್ಡಿನದೊಂದಿದೆ, ತೋರಿಸಿದರೆ ಅಬ್ಬಾ ಈ ಮುದುಕಿ ಯಾರು ಅಂದುಬಿಟ್ಟರು, ಗುಲ್ನಾಜ್ ಅಡುಗೆಮನೆಗೆ ಹೋಗಿ ಅತ್ತಳು — ಒಂದೇ ಒಂದು ದಿನ ಅಮ್ಮಿ ಬೇಡ ಅನ್ನಲಿಲ್ಲ, ನಾರಾಯಣಪುರದ ಡ್ಯಾಮಿಗೆ ಹೋದ ದಿನ, ಕಹಕಶಾ ಆಗ ಒಂದನೇ ಇಯತ್ತೆ, ಗುಲ್ನಾಜ್ ಸೊಂಟದ ಮೇಲೆ, ಗೇಟಿನ ನೀರಿನ ತುಂತುರು ಹಾರಿ ನಕಾಬು ಮುಖಕ್ಕೆ ಅಂಟಿಕೊಂಡಿತು, ಅಮ್ಮಿ ಕಿತ್ತು ಎಳೆದು ನಕ್ಕಳು, ಆ ನಗೆ, ಅಬ್ಬಾ ಹೊಡೆದೇಬಿಟ್ಟರು, ಅದೇ ರಾತ್ರಿ ಕಂಡೀಷನ್ನು, ತೊಳೀಬ್ಯಾಡ್ರಿ, ನಾ ಇರೂತನಕ ಆ ರೀಲು ತೊಳೀಬ್ಯಾಡ್ರಿ, ನಾ ಹೋದಮ್ಯಾಲ ಬೇಕಾದಷ್ಟು ನೋಡ್ಕೋರಿ, ತಮಾಷೆಗೆ ಅಂದದ್ದು, ಅಬ್ಬಾ ಮಾತು ಉಳಿಸಿಕೊಂಡರು, ರೀಲು ತೊಳೆದು ಫೋಟೋ ಮಾಡಲೇ ಇಲ್ಲ, ಅಮ್ಮಿ ಹೋಗುವಷ್ಟರಲ್ಲಿ ಆ ರೀಲು ಎಲ್ಲಿಟ್ಟೆ ಎಂಬುದನ್ನೇ ಕಳೆದುಕೊಂಡಿದ್ದರು — ಎಲ್ಲಿದೆ ಅಬ್ಬಾ ಅದು, ಅಮ್ಮಿ ನಕ್ಕದ್ದು, ಎಂದು ಕೇಳಿದರೆ ಡಬ್ಬ್ಯಾಗ ಅದಾಳ ಅಕಿ ಅನ್ನುತ್ತಾರೆ, ಮರುದಿನ ಮಾಳಗಿ ಮ್ಯಾಲ ಅದಾಳ, ಅದರ ಮರುದಿನ ವಡಗೇರಾ ಬಸ್ಸಿನ್ಯಾಗ ಅದಾಳ, ಯಾವುದನ್ನು ನಂಬುವುದು, ಡಬ್ಬಿಯನ್ನೂ ಕಹಕಶಾ ಮಗುಚಿ ನೋಡಿದ್ದಳು, ಫೋಟೋ ತೆಗೆದಾದ ರೀಲು ಪೂರ್ತಿ ಒಳಗೆ ಸುತ್ತಿಕೊಂಡಿರಬೇಕು, ಇದ್ದವುಗಳ ನಾಲಿಗೆ, ಫಿಲ್ಮಿನ ಚಾಚಿದ ತುದಿ, ಎಲ್ಲ ಹೊರಗೇ ಇತ್ತು, ಅಂದರೆ ಎಲ್ಲ ಹೊಸವು, ಬಳಸದವು, ಉಳಿದವೆಲ್ಲ ಕಲರ್, ಕಪ್ಪು-ಬಿಳುಪಿನದು ಒಂದೇ, ಅದರದ್ದು ಮಾತ್ರ ತುದಿ ಮಡಚಿತ್ತು, ಕ್ಯಾಮೆರಾದ ಸೀಳಿಗೆ ಹೋಗಲೊಲ್ಲದು, ಬಿಸಿಲಿಗೆ ಬಾಗಿರಬೇಕು, ಹೊರಗೆ ಸರದಾರಸಾಬ ಹಾರ್ನ್ ಮೇಲೆ ಹಾರ್ನ್, ಕತ್ತರಿ ತಗೊಂಡು ತುದಿ ಚಕ್ಕನೆ ಕತ್ತರಿಸಿ ಕ್ಯಾಮೆರಾಕ್ಕೆ ತುಂಬಿ —

ಫೋನು. ಇಂಥ ಹೊತ್ತಿಗೇ ಬರಬೇಕು, ಮೋಡ ಸರಿಯುತ್ತಿದೆ, ಬುದ್ಧನ ಗದ್ದಕ್ಕೆ ಹಳದಿ ಹತ್ತುತ್ತಿದೆ, ಏನ ಗುಲ್ನಾಜ್, ಜಲ್ದಿ ಹೇಳ, ಆಪಾ ಊಟ ಮಾಡಿದೇನ, ನೀರಿನ ಬಾಟ್ಲಿ ಅದಾವೇನ, ಅಲ್ಲಿ ಹುಡುಗರು ಗಿಡುಗರು ಯಾರೂ ಬರಂಗಿಲ್ಲ ಹೌದಿಲ್ಲ — ಅದಲ್ಲ, ಗುಲ್ನಾಜ್‌ಳ ದನಿಯಲ್ಲಿ ಬೇರೇನೋ ಇದೆ — ಆಪಾ, ನೀ ಮುಂಜಾನೆ ಕತ್ತರಿಸಿದ್ದಿ ನೋಡು ರೀಲಿನ ಚೂರು, ಕಸಾ ಹೊಡೀವಾಗ ಸಿಕ್ತು, ಅಬ್ಬಾ ಕಸಗೊಂಡ್ರು ನನ್ನ ಕೈಯಿಂದ, ಎರಡು ಬೆರಳಾಗ ಹಿಡಕೊಂಡು ಕುಂತಾರ, ಬಿಡವಲ್ರು, ಮಮ್ತಾಜನ ರೀಲಿನ ತುದಿ ಯಾರ ಕತ್ತರಿಸ್ಯಾರ ಅಂತ ಅಳಾಕತ್ತಾರ ಆಪಾ, ಅಮ್ಮಿ ಹೆಸರು ಹಿಡದು ಅಳಾಕತ್ತಾರ, ನಾ ಏನ್ ಮಾಡ್ಲಿ. ಕಹಕಶಾಳ ಫೋನು ಬಂಡೆಯ ಮೇಲಿದೆ, ಕಿವಿಯಲ್ಲಿ ಗಾಳಿ, ಕಣ್ಣೆದುರಿಗೆ ಕತ್ತಲೆಕೋಣೆಯ ಕೆಂಪು ದೀಪ, ಅಬ್ಬಾನ ಕೈ, ಅವರು ಎಂದೂ ರೀಲನ್ನು ಪೂರ್ತಿ ಒಳಗೆ ಸುತ್ತುತ್ತಿರಲಿಲ್ಲ, ತೊಳೆಯುವಾಗ ಎಳೆಯಲು ಸುಲಭವೆಂದು ನಾಲಿಗೆ ಹೊರಗೆ ಬಿಟ್ಟು, ಹೊಸದರ ಜೊತೆ ಕಲೆಯಬಾರದೆಂದು ತುದಿ ಮಡಚುತ್ತಿದ್ದರು, ನೋಡ ಬೇಟಾ, ಮಡಚಿದ್ದಂದ್ರ ತೆಗೆದದ್ದು, ಒಳಗ ಮಂದಿ ಅದಾರ ಅಂತ ತಿಳ್ಕೋ — ಯಾ ಅಲ್ಲಾ, ಗೊತ್ತಿತ್ತಲ್ಲ, ಗೊತ್ತಿತ್ತಲ್ಲ ಇದು, ಮುಂಜಾನೆ ಎಲ್ಲಿ ಸತ್ತಿತ್ತು ಈ ನೆನಪು, ಮರೆಗುಳಿ ಅಬ್ಬಾಗೆ ಗೊತ್ತಾದದ್ದು ಅವಳಿಗೆ ಗೊತ್ತಾಗಲಿಲ್ಲ, ಡಬ್ಬ್ಯಾಗ ಅದಾಳ ಎಂದು ಬಾಯಿಬಿಟ್ಟು ಹೇಳಿದರು, ಹುಚ್ಚರ ಮಾತೆಂದು ಕಿವಿಗೆ ಹಾಕಿಕೊಳ್ಳಲಿಲ್ಲ, ಅಮ್ಮಿ ನಗುತ್ತ ಕೂತಿದ್ದ ರೀಲಿನ ಮೇಲೆ ಜಾಲಿಗಿಡ ಹೊಡೆದಳು, ಕಲ್ಲು ಹೊಡೆದಳು, ಅರ್ಧ ರೀಲು.

ಅರ್ಧ. ಯಾವ ಅರ್ಧ, ಅದನ್ನು ಹೇಳು, ಅಮ್ಮಿ ನಕ್ಕದ್ದು ಯಾವಾಗ, ಹೋದ ಕೂಡಲೇ ನಕ್ಕಿದ್ದರೆ ಮುಗಿಯಿತು, ಅವಳ ಮುಖದ ತುಂಬ ಮುಳ್ಳು, ಸಂಜೆಗೆ ನಕ್ಕಿದ್ದರೆ ರೀಲಿನ ಉಳಿದರ್ಧದಲ್ಲಿ ಇದ್ದಾಳೆ ಇನ್ನೂ, ಒಬ್ಬಳೇ, ಯಾರೂ ಮುಟ್ಟದೆ — ನೆನೆ ಕಹಕಶಾ, ನೆನೆ, ಕ್ವಾಟರ್ಸಿನ ಬಸ್ಸಿಳಿದೆವು, ಅಬ್ಬಾ ಗೇಟಿನ ಸಾಲು ಹೊಡೆದರು, ಅಥವಾ ಅದು ಹೊರಡುವಾಗಲೋ, ಖಡಕ್ ರೊಟ್ಟಿ, ಬದನೆಕಾಯಿ, ಅಮ್ಮಿ ನಕಾಬಿನಡಿ ಕೈ ಹಾಕಿ ತಿಂದಳು, ಹೌದು, ಅಂದರೆ ಊಟದ ತನಕ ಮುಖ ಮುಚ್ಚಿತ್ತು, ಆದರೆ ನಕ್ಕಮೇಲೆ ಮತ್ತೆ ಮುಚ್ಚಿಕೊಂಡಿರಬಹುದಲ್ಲ, ಬಿಸಿಲು ಎಲ್ಲಿತ್ತು, ಅಮ್ಮಿಯ ಯಾವ ಕೆನ್ನೆಯ ಮೇಲಿತ್ತು — ಕೆನ್ನೆ ಬರುತ್ತಿಲ್ಲ, ಹಲ್ಲು ಬರುತ್ತದೆ, ಮೂಗುಬಟ್ಟು ಬರುತ್ತದೆ, ಕೆನ್ನೆ ಇಲ್ಲ, ಕಣ್ಣಿಲ್ಲ, ತನಗೂ ಮರೆಯುತ್ತಿದೆ ಹಾಗಾದರೆ, ಅಬ್ಬಾಗೊಬ್ಬರಿಗೇ ಅಲ್ಲ, ಅವಳಿಗೂ ಕೊನೆಯ ದಿನದ ಅಮ್ಮಿ ಮಾತ್ರ ಉಳಿದಿದ್ದಾಳೆ, ಗದ್ದಕ್ಕೆ ಬಟ್ಟೆ ಕಟ್ಟಿ ಅಂಗಾತ ಮಲಗಿಸಿದ್ದು, ಆ ಅಮ್ಮಿ ಬೇಡ, ನೀರು ಸಿಡಿದಾಗ ನಕ್ಕವಳು ಬೇಕು, ಒಮ್ಮೆ, ಒಂದೇ ಒಮ್ಮೆ ಅವಳನ್ನು ನೋಡಬೇಕು, ನೋಡಿ ಅಬ್ಬಾನ ತೊಡೆಯ ಮೇಲಿಡಬೇಕು, ಈ ಜನ್ಮದಲ್ಲಿ ಬೇರೇನೂ ಬೇಡ.

ಮೋಡ ಹೋಗಿದೆ, ಯಾವಾಗ ಹೋಯಿತು, ಬುದ್ಧನ ಹಣೆಯಿಂದ ಎದೆಯವರೆಗೆ ಬೆಳಕು ಇಳಿಯುತ್ತಿದೆ, ಹುಟ್ಟಿದಾಗಿನಿಂದ ನೋಡಿದವಳು ಹೀಗೆ ಎಂದೂ ನೋಡಿಲ್ಲ, ಇದೇ ಅದು, ಅಬ್ಬಾ ಹೇಳಿದ ಸಂಜೆ, ಮತ್ತೆ ಸಿಗುವುದಿಲ್ಲ, ಕೈ ತಾನಾಗಿಯೇ ಗುಂಡಿಯ ಮೇಲೆ ಹೋಗಿದೆ, ಒತ್ತಿದರೆ ಗುಡ್ಡ ಸಿಗುತ್ತದೆ, ಅಬ್ಬಾಗೆ ಗುರುತು ಸಿಗುವ ಒಂದೇ ಒಂದು, ಒತ್ತಿದರೆ, ಆದರೆ ಕ್ಯಾಮೆರಾದೊಳಗಿನ ಈ ಪರದೆಯ ಹಿಂದೆ ಈಗ ಯಾರು ಕಾದಿದ್ದಾರೆ, ಬರೀ ನೀರೋ, ನಕಾಬು ಕಿತ್ತವಳೋ, ಒಳಗ ಮಂದಿ ಅದಾರ ಅಂತ ತಿಳ್ಕೋ — ಕಹಕಶಾ ಬೆರಳು ತೆಗೆದಳು, ಲೆನ್ಸಿಗೆ ಮುಚ್ಚಳ ಹಾಕಿದಳು, ಕ್ಯಾಮೆರಾವನ್ನು ಓಢಣಿಯಲ್ಲಿ ಸುತ್ತಿ ಎದೆಗವಚಿಕೊಂಡು ಬಂಡೆಯ ಮೇಲೆ ಕೂತಳು, ಎದುರಿಗೆ ಬೆಳಕು ಸುರಿಯುತ್ತಿದೆ, ಸುರಿಯಲಿ, ಅವಳು ಅದನ್ನು ನೋಡುತ್ತಿಲ್ಲ, ಅವಳಿಗೆ ಕಾಣುತ್ತಿರುವುದು ಪಡಸಾಲೆ, ಅಬ್ಬಾನ ಕೈ, ಎರಡು ಬೆರಳು, ಬೆರಳ ನಡುವೆ ಆ ಚೂರು, ಮಡಚಿದ ತುದಿ, ಮಡಚಿದ ತುದಿ —