ತೊದಲಪ್ಪನನ್ನು ಹೆತ್ತವಳು

ತಮ್ಮ ತನ್ನ ಬೀಗ ರಿಪೇರಿ ಅಂಗಡಿಯಲ್ಲಿ ಹೊಸ ಬೀಗದಕೈಗೆ ಅರ ಉಜ್ಜುತ್ತಿದ್ದ. ಅಕ್ಕ ಎದುರಿಗೆ ಸ್ಟೂಲಿನ ಮೇಲೆ ಕೂತಿದ್ದಳು. ಶಾಲೆ ಬಿಟ್ಟ ಮಕ್ಕಳು ಅಂಗಡಿ ಮುಂದೆ ನಿಂತು, "ತೊದಲಪ್ಪಾ, ಬ-ಬ-ಬ-ಬೀಗ ತೆಗಿ" ಎಂದು ಕೂಗಿ ಓಡಿದರು.

ತಮ್ಮ ತಲೆ ಎತ್ತಲಿಲ್ಲ. ಅಕ್ಕನಿಗೆ ಕೂತ ಸ್ಟೂಲು ಕಾದ ಹಂಚಾಯಿತು.

ತೊದಲಪ್ಪನನ್ನು ಹೆತ್ತವಳು ಅವಳೇ. ಮಕ್ಕಳ ಪುಸ್ತಕಕ್ಕೆ ಕಥೆ ಬರೆದು, ಚಿತ್ರವನ್ನೂ ತಾನೇ ಬಿಡಿಸುವವಳು. ಯಾವ ಪ್ರಕಾಶಕನೂ ಮೂಸಿ ನೋಡದ ಕಾಲದಲ್ಲಿ ತಮ್ಮನ ಗಿಡ್ಡ ಕುತ್ತಿಗೆ, ಪೊದೆ ಹುಬ್ಬು, ತಡೆದು ಬರುವ ಮಾತು, ಎಲ್ಲ ಎತ್ತಿಕೊಂಡು ತೊದಲಪ್ಪ ಅನ್ನುವ ಪೆದ್ದನನ್ನು ಮಾಡಿದ್ದಳು. ಮಾತು ತಡೆದಲ್ಲೆಲ್ಲ ಅಕ್ಷರವನ್ನು ಒಂದಕ್ಕಿಂತ ಒಂದು ದಪ್ಪವಾಗಿ ಬರೆದಳು, ಮಕ್ಕಳು ಜೋರಾಗಿ ಓದಿ ನಗಲಿ ಅಂತ. ನಕ್ಕರು. ಪುಸ್ತಕದ ಮೇಲೆ ಪುಸ್ತಕ ಬಂತು, ಬಹುಮಾನ ಬಂತು. ತಮ್ಮನನ್ನು ಒಂದು ಮಾತು ಕೇಳಿದಳೇ? ಇಲ್ಲ.

"ಬೇಜಾರಾಯ್ತೇನೋ?"

"ಮ... ಮ..."

"ಮಕ್ಕಳು, ಬಿಡು ಅಂತೀಯ." ಅವಳೇ ಮುಗಿಸಿದಳು.

ಅವನು ಅರ ಕೆಳಗಿಟ್ಟ. "ಮಗಳು," ಎಂದ. "ಶಾಲೇಲಿ ಬಾಯೇ ಬಿಡಲ್ಲ ಅ-ಅಕ್ಕ. ಅವಳಿಗೂ ನನ್ನ ಹಾಗೇ ತ-ತಡೀತದೆ. ನಂದೇನು, ಎಮ್ಮೆ ಚರ್ಮ. ಅವಳನ್ನ ತೊದಲಪ್ಪನ ಮರಿ ಅಂತಾರಂತೆ."

ಸಂಜೆ ಅವಳು ಪ್ರಕಾಶಕರಿಗೆ ಫೋನು ಮಾಡಿ ನಡೆದದ್ದನ್ನು ಹೇಳಿದಳು. ಅವರು ಸಮಾಧಾನ ಹೇಳಿದರು: "ನೀವು ಬರೀದಿದ್ರೂ ಮಕ್ಕಳು ಆಡ್ಕೊಳ್ತವೆ ಮೇಡಂ. ನಗ್ತಾ ನಗ್ತಾ ಓದೋದು ಕಲ್ತಿದಾವಲ್ಲ, ಅದೇನು ಸಣ್ಣದಾ?"

"ಆಡ್ಕೊಳ್ಳೋಕೆ ಹೆಸರು ಒದಗಿಸಿದೋಳು ನಾನು. ಹೊಸದನ್ನ ಅಚ್ಚಿಗೆ ಕಳಿಸಬೇಡಿ. ಹಳೇದನ್ನೂ ಮತ್ತೆ ಹಾಕಬೇಡಿ."

"ತೊದಲಪ್ಪ ಇಲ್ದಿದ್ರೆ ನಿಮ್ಮನ್ನ ಯಾರು ನೆನೀತಾರೆ?"

"ಮರೀಲಿ ಬಿಡಿ," ಎಂದಳು. ಇಷ್ಟಕ್ಕೇ ಬೀದಿಯ ಬಾಯಿ ಮುಚ್ಚುವುದಿಲ್ಲ ಅಂತ ಅವಳಿಗೂ ಗೊತ್ತಿತ್ತು.

ಮರುದಿನ ತಮ್ಮನ ಮನೆಗೆ ಹೋದಳು. ಅವನ ಮಗಳು ಬಾಗಿಲಿಗೆ ಒರಗಿ ನಿಂತಿದ್ದಳು.

"ತೊದಲಪ್ಪ ಇನ್ನು ಬರಲ್ಲ ಪುಟ್ಟಿ. ತಪ್ಪು ನಂದು. ನೀನೇ ಒಂದು ಕಥೆ ಹೇಳ್ತೀಯಾ? ನಾನು ಚಿತ್ರ ಬಿಡಿಸ್ತೀನಿ."

ಹುಡುಗಿ ಅತ್ತೆಯ ಪೆನ್ಸಿಲನ್ನೇ ನೋಡಿದಳು. "ಆ... ಆ..."

ಆನೆ, ಆಮೆ, ಆಕಾಶ. ಪದಗಳು ಅತ್ತೆಯ ನಾಲಿಗೆ ತುದಿಗೆ ನುಗ್ಗಿದವು. ತುಟಿ ಕಚ್ಚಿ ಕೂತಳು. ಒಳಗೆ ಒಲೆಯ ಮೇಲೆ ಹಾಲು ಉಕ್ಕಿ ಸುರಿಯಿತು. ಏಳಲಿಲ್ಲ.

"ಆ... ಆಮೇಲೆ ಹೇಳ್ತೀನಿ," ಎಂದಳು ಹುಡುಗಿ.

"ಆಗಲಿ," ಎಂದು ಅತ್ತೆ ಅಲ್ಲೇ ಕೂತಳು.